ಸ್ಮಾರ್ಟ್ ಮೀಟರ್ ಅಳವಡಿಕೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

"ಮೀಟರ್ ಹಾಕಿ ಆರು ತಿಂಗಳಾಯ್ತು, ರೀಡಿಂಗ್‌ಗೆ ಇನ್ನೂ ಮನೆಮನೆ ಅಲೀತಿದೀವಿ." ರೀಡಿಂಗನ್ನು ತಾನಾಗಿ ಆಫೀಸಿಗೆ ಕಳಿಸಬೇಕಾದ ಸ್ಮಾರ್ಟ್ ಮೀಟರ್ ಬಗ್ಗೆ ವಿದ್ಯುತ್ ವಿತರಣೆಯಲ್ಲಿ ಕೆಲಸ ಮಾಡುವವರಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಏನಾಯ್ತು ಅಂತ ಕೆದಕಿದರೆ ಕಾರಣ ಹೆಚ್ಚುಕಡಿಮೆ ಒಂದೇ. ಮೀಟರ್ ಮೊದಲು ಗೋಡೆಗೆ ಹೋಗಿರುತ್ತದೆ. ಗ್ರಾಹಕರ ಪಟ್ಟಿ, ಸಿಗ್ನಲ್, ಆಫೀಸಿನ ತಂತ್ರಾಂಶ ಎಲ್ಲವನ್ನೂ ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟಿರುತ್ತಾರೆ.

ಗೋಡೆಗೆ ಮೀಟರ್ ಕೂರಿಸುವುದು ಇಡೀ ಕೆಲಸದಲ್ಲಿ ಸುಲಭದ ಭಾಗ. ಅದಕ್ಕೇ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಈ ಬರಹ ಅದಕ್ಕೆ ಮುಂಚಿನ ಮತ್ತು ಆಮೇಲಿನ ಕೆಲಸಗಳ ಬಗ್ಗೆ. ಹೇಳಿರುವುದೆಲ್ಲ ವಿದ್ಯುತ್ ಮೀಟರ್‌ಗೆ. ನೀರು ಮತ್ತು ಗ್ಯಾಸ್ ಮೀಟರ್‌ಗಳಿಗೂ ಬಹುಪಾಲು ಹೊಂದುತ್ತದೆ, ಆದರೆ ಅವು ಬ್ಯಾಟರಿಯಲ್ಲಿ ನಡೆಯುವುದರಿಂದ ಗಳಿಗೆಗೊಮ್ಮೆ ಡೇಟಾ ಕಳಿಸಲಾರವು. ಅಷ್ಟು ನೆನಪಿಟ್ಟುಕೊಂಡು ಓದಿ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಹೊರಗಿನ ಕೆಲಸಕ್ಕೆ: ಟಾರ್ಕ್ ಸ್ಕ್ರೂಡ್ರೈವರ್, ವೋಲ್ಟೇಜ್ ಟೆಸ್ಟರ್, ತಂತಿ ಬಿಚ್ಚದೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್, ಇನ್ಸುಲೇಟೆಡ್ ಗ್ಲೌಸ್, ಸಿಗ್ನಲ್ ಅಳೆಯುವ ಸಾಧನ, ನಂಬರ್ ಇರುವ ಸೀಲುಗಳು, ಮತ್ತು ಫೋಟೋ ತೆಗೆದು ಜಾಗದ ಅಕ್ಷಾಂಶ ರೇಖಾಂಶದ ಜೊತೆ ಉಳಿಸುವ ಮೊಬೈಲ್ ಆಪ್.

ಆಫೀಸಿಗೆ: ಮೀಟರ್‌ಗಳ ಜೊತೆ ಮಾತಾಡುವ ಹೆಡ್ ಎಂಡ್ ಸಿಸ್ಟಮ್, ಬಂದ ಡೇಟಾವನ್ನು ಸೋಸಿ ಇಡುವ ಎಂಡಿಎಂ, ಬಿಲ್ಲಿಂಗ್ ತಂತ್ರಾಂಶ. ಈ ಮೂರೂ ಒಂದಕ್ಕೊಂದು ಜೋಡಣೆಯಾಗಿರಬೇಕು. ಜೊತೆಗೆ ಒಬ್ಬ ಮನುಷ್ಯ ಬೇಕು, ಅಂದರೆ ಡೇಟಾ ಬರದ ಮೀಟರ್‌ಗಳ ಪಟ್ಟಿ ಯಾರ ತಲೆನೋವು ಎಂದು ಹೆಸರು ಬರೆದಿರಬೇಕು. ಇದೊಂದು ಇಲ್ಲದೆ ಉಳಿದದ್ದೆಲ್ಲ ಇದ್ದೂ ಕೆಟ್ಟ ಯೋಜನೆಗಳಿವೆ.

## ಹಂತ 1: ಮೀಟರ್‌ನಿಂದ ಏನು ತಿಳಿಯಬೇಕು ಎಂದು ಬರೆದುಕೊಳ್ಳಿ

ಬರೀ ತಿಂಗಳ ಬಿಲ್ಲು ಸಾಕೇ? ಫೀಡರ್‌ನಲ್ಲಿ, ಅಂದರೆ ಸಬ್‌ಸ್ಟೇಷನ್‌ನಿಂದ ಟ್ರಾನ್ಸ್‌ಫಾರ್ಮರ್‌ಗಳಿಗೆ ಕರೆಂಟ್ ಒಯ್ಯುವ ಲೈನ್‌ನಲ್ಲಿ, ಸೋರಿಕೆ ಎಲ್ಲಿ ಅಂತ ಹಿಡಿಯಬೇಕೇ? ಹೊತ್ತಿಗೊಂದು ದರ ತರುವ ಉದ್ದೇಶವಿದೆಯೇ? ಚಾವಣಿಯ ಸೋಲಾರ್‌ನಿಂದ ವಾಪಸ್ ಬರುವ ಕರೆಂಟ್ ಲೆಕ್ಕ ಬೇಕೇ? ಒಂದೊಂದಕ್ಕೂ ಬೇಕಾದ ಡೇಟಾ ಬೇರೆ.

ಬಿಲ್ಲಿಗೆ ದಿನಕ್ಕೊಂದು ರೀಡಿಂಗ್ ಸಾಕು. ಹೊತ್ತಿನ ದರಕ್ಕೆ 15 ಅಥವಾ 30 ನಿಮಿಷದ ಲೆಕ್ಕ ಬೇಕು. 15 ನಿಮಿಷ ಅಂದರೆ ಒಂದು ಮೀಟರ್‌ಗೆ ದಿನಕ್ಕೆ 96 ದಾಖಲೆ. ಒಂದು ಲಕ್ಷ ಮೀಟರ್ ಇದ್ದರೆ ದಿನಕ್ಕೆ 96 ಲಕ್ಷ. ಬಳಕೆಯ ಜೊತೆಗೆ ವೋಲ್ಟೇಜ್, ಕರೆಂಟ್ ಕೂಡ ಬೇಕೆಂದರೆ ಇನ್ನೂ ಜಾಸ್ತಿ. ನೆಟ್‌ವರ್ಕ್, ಸರ್ವರ್ ಎಷ್ಟು ದೊಡ್ಡದಿರಬೇಕು ಎನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿ ಆಗುವ ತಪ್ಪು: "ಎಲ್ಲಾ ತಗೊಳ್ಳೋಣ, ಮುಂದೆ ಬೇಕಾಗುತ್ತೆ." ಬೇಡದ ಡೇಟಾ ನೆಟ್‌ವರ್ಕನ್ನು ತುಂಬಿ, ಬೇಕಾದ ಡೇಟಾವನ್ನೇ ತಡ ಮಾಡುತ್ತದೆ.

## ಹಂತ 2: ಯಾವ ಮನೆ ಯಾವ ಟಿಸಿಗೆ ಸೇರಿದ್ದು?

ಟ್ರಾನ್ಸ್‌ಫಾರ್ಮರ್‌ಗೆ ಲೈನ್ ಕೆಲಸದವರು ಟಿಸಿ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಇದು ಬೇಸರದ ಕೆಲಸ, ಅತಿ ಮುಖ್ಯದ ಕೆಲಸವೂ ಇದೇ. ಪ್ರತಿ ಗ್ರಾಹಕನ ಎದುರು ನಾಲ್ಕು ಸಂಗತಿ ಇರಬೇಕು: ಫೀಡರ್, ಟಿಸಿ, ಕಂಬ, ಫೇಸ್ (ಕರೆಂಟ್ ಇರುವ ಮೂರು ತಂತಿಗಳಲ್ಲಿ ಯಾವುದು). ಹಳೆಯ ಕಾಗದದಲ್ಲಿ ಇರುವುದನ್ನು ನಂಬಬೇಡಿ. ಲೋಡ್ ಜಾಸ್ತಿಯಾದಾಗ ಒಂದು ಟಿಸಿಯಿಂದ ಇನ್ನೊಂದಕ್ಕೆ ಮನೆಗಳನ್ನು ಬದಲಾಯಿಸಿರುತ್ತಾರೆ. ಅದು ಲೈನ್‌ಮ್ಯಾನ್ ತಲೆಯಲ್ಲಿರುತ್ತದೆ, ಪುಸ್ತಕದಲ್ಲಿರುವುದಿಲ್ಲ.

1. ಟಿಸಿಯಿಂದ ಹೊರಟು ತಂತಿ ಹಿಡಿದು ನಡೆಯಿರಿ. ಮನೆಯಿಂದ ಟಿಸಿ ಹುಡುಕಬೇಡಿ. ಅಡ್ಡ ತಂತಿಗಳ ಜಾಗದಲ್ಲಿ ದಾರಿ ತಪ್ಪುತ್ತೀರಿ.

2. ಪ್ರತಿ ಕಂಬಕ್ಕೂ ನಂಬರ್ ಬರೆದು, ಮೊಬೈಲ್‌ನಲ್ಲಿ ಜಾಗ ಗುರುತಿಸಿ.

3. ಕಂಬದಿಂದ ಹೋಗುವ ಪ್ರತಿ ಸರ್ವಿಸ್ ವೈರ್ ಯಾವ ಮನೆಗೆ, ಯಾವ ಫೇಸ್‌ನಿಂದ ಎಂದು ದಾಖಲಿಸಿ. ಒಂದೇ ಮನೆಗೆ ಎರಡು ಸಂಪರ್ಕ, ಒಂದೇ ವೈರ್‌ನಿಂದ ಎರಡು ಮನೆ, ಪಟ್ಟಿಯಲ್ಲೇ ಇಲ್ಲದ ಮೀಟರ್, ಮೀಟರೇ ಇಲ್ಲದ ಸಂಪರ್ಕ ಎಲ್ಲವೂ ಇಲ್ಲಿ ಬಯಲಾಗುತ್ತವೆ.

4. ಆ ಭಾಗದ ಲೈನ್‌ಮ್ಯಾನ್ ಪಕ್ಕದಲ್ಲಿರಲಿ. ಅವರನ್ನು ಬಿಟ್ಟು ಹೊರಗಿನ ತಂಡವನ್ನಷ್ಟೇ ಕಳಿಸಿದ ಸರ್ವೆ ಎರಡನೇ ಸಲ ಮಾಡಬೇಕಾಗಿ ಬರುತ್ತದೆ. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಎಷ್ಟು ಎಚ್ಚರ ವಹಿಸಿದರೂ ಒಂದಿಷ್ಟು ತಪ್ಪು ಉಳಿಯುತ್ತದೆ. ಅದನ್ನು ಹಿಡಿಯುವ ದಾರಿ ಮುಂದಿನ ಹಂತದಲ್ಲಿದೆ.

## ಹಂತ 3: ಮೀಟರ್ ಮೇಲಿನಿಂದ ಕೆಳಗೆ ಬರಲಿ

ಮೊದಲು ಫೀಡರ್ ಮೀಟರ್. ಆಮೇಲೆ ಟಿಸಿ ಮೀಟರ್. ಮನೆ ಮೀಟರ್ ಕೊನೆಗೆ. ಈ ಕ್ರಮ ಬದಲಾದರೆ ಹೋಲಿಸಲು ಏನೂ ಇರುವುದಿಲ್ಲ. ಮನೆಗಳಿಂದ ಬಂದ ಯೂನಿಟ್ ಕೂಡಿಸಿದಿರಿ ಅನ್ನಿ, ಅದು ಸರಿಯೋ ತಪ್ಪೋ ಅಂತ ಯಾವುದರ ಎದುರು ಇಟ್ಟು ನೋಡುತ್ತೀರಿ?

ಟಿಸಿ ಮೀಟರ್ ದಿನಕ್ಕೆ 1,000 ಯೂನಿಟ್ ತೋರಿಸಿದೆ, ಕೆಳಗಿನ ಮನೆಗಳದ್ದು ಕೂಡಿದರೆ 930 ಆಗುತ್ತದೆ ಎಂದುಕೊಳ್ಳಿ. ಉಳಿದ 70ರಲ್ಲಿ ಒಂದಷ್ಟು ತಂತಿಯಲ್ಲಿ ಬಿಸಿಯಾಗಿ ಹೋಗಿದೆ, ಒಂದಷ್ಟು ಕಳವಿರಬಹುದು. ಆದರೆ ಮನೆಗಳ ಮೊತ್ತ 1,080 ಬಂದರೆ? ಟಿಸಿ ಕೊಟ್ಟದ್ದಕ್ಕಿಂತ ಜಾಸ್ತಿಯನ್ನು ಮನೆಗಳು ಬಳಸಲು ಸಾಧ್ಯವಿಲ್ಲ ಅಲ್ವಾ? ಸೋಲಾರ್ ಇರುವ ಮನೆಗಳಿದ್ದರೆ ಅವು ವಾಪಸ್ ಕೊಟ್ಟದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಮೇಲೂ ಮೊತ್ತ ಜಾಸ್ತಿಯೇ ಇದ್ದರೆ ಸಾಮಾನ್ಯವಾಗಿ ಪಕ್ಕದ ಟಿಸಿಯ ಮನೆಗಳು ಈ ಪಟ್ಟಿಯಲ್ಲಿ ಸೇರಿಕೊಂಡಿವೆ ಎಂದು ಅರ್ಥ (ಟಿಸಿ ಮೀಟರೇ ಕಡಿಮೆ ಎಣಿಸುವ ಎಡವಟ್ಟು ಕೆಳಗೆ ಬರುತ್ತದೆ). ಆಗ ಪಕ್ಕದ ಟಿಸಿಯಲ್ಲಿ ಸೋರಿಕೆ ವಿಪರೀತ ಕಾಣುತ್ತದೆ. ಸುಮ್ನೆ ಅಲ್ಲಿಗೆ ಕಳ್ಳತನ ಹಿಡಿಯುವ ದಳ ಕಳಿಸಿ ಮರ್ಯಾದೆ ಕಳೆದುಕೊಳ್ಳಬೇಡಿ. ಮೊದಲು ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ಉಪಾಯವೂ ಇದೆ. ಒಂದೇ ಟಿಸಿಯ ಒಂದೇ ಫೇಸ್‌ನಲ್ಲಿರುವ ಮನೆಗಳ ವೋಲ್ಟೇಜ್ ಒಟ್ಟಿಗೇ ಏರುತ್ತದೆ, ಒಟ್ಟಿಗೇ ಇಳಿಯುತ್ತದೆ. ಎರಡು ವಾರದ ವೋಲ್ಟೇಜ್ ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಗುಂಪಿಗೆ ಸೇರದ ಮನೆ ತಾನಾಗಿ ಕಾಣುತ್ತದೆ. ಪಟ್ಟಿ ತಿದ್ದಲು ಇಷ್ಟು ಅಗ್ಗದ ವಿಧಾನ ಬೇರೆ ಇಲ್ಲ.

ಟಿಸಿ ಮೀಟರ್‌ಗಳಲ್ಲಿ ಸಾಮಾನ್ಯವಾದ ಎಡವಟ್ಟು ಸಿಟಿ ಅನುಪಾತ. ಸಿಟಿ ಎಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ದೊಡ್ಡ ಕರೆಂಟನ್ನು ಮೀಟರ್ ಅಳೆಯುವಷ್ಟಕ್ಕೆ ಇಳಿಸುವ ಸಾಧನ. ಸಿಟಿ 200/5 ಇದ್ದರೆ ಗುಣಕ 40. ತಂತ್ರಾಂಶದಲ್ಲಿ 100/5 ಎಂದು ತುಂಬಿದರೆ ಗುಣಕ 20, ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಸಿಟಿಯ ಮೇಲಿನ ಫಲಕದ ಫೋಟೋ ಇಲ್ಲದೆ ಆ ಸಂಖ್ಯೆಯನ್ನು ಯಾರೂ ತುಂಬಕೂಡದು. ಸಿಟಿಯನ್ನು ತಿರುಗಾಮುರುಗಾ ಹಾಕುವುದೂ ಉಂಟು. ಆಗ ಒಂದು ಫೇಸ್‌ನ ಪವರ್ ಮೈನಸ್‌ನಲ್ಲಿ ಕಾಣುತ್ತದೆ. ಸೋಲಾರ್ ಇಲ್ಲದ ಟಿಸಿಯಲ್ಲಿ ಮೈನಸ್ ಕಂಡರೆ ಅವತ್ತೇ ಹೋಗಿ ನೋಡಿ. ಮತ್ತೊಂದು ಮಾತು: ಲೋಡ್ ಇರುವಾಗ ಸಿಟಿಯ ಸೆಕೆಂಡರಿ ತಂತಿಯನ್ನು ಬಿಚ್ಚಿ ಬಿಡಬೇಡಿ, ಜೀವಕ್ಕೇ ಅಪಾಯವಾಗುವಷ್ಟು ವೋಲ್ಟೇಜ್ ಬರುತ್ತದೆ. ಮೊದಲು ಆ ಸೆಕೆಂಡರಿಯ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸಿ ಶಾರ್ಟ್ ಮಾಡಿ.

## ಹಂತ 4: ಸಿಗ್ನಲ್ ಇದೆಯೇ, ಎಲ್ಲಿ ಇಲ್ಲ?

ಮೀಟರ್ ಮಾತಾಡಲು ಮುಖ್ಯವಾಗಿ ಮೂರು ದಾರಿ. ಒಂದೇ ದಾರಿ ಎಲ್ಲ ಕಡೆ ಹೊಂದುವುದು ಅಪರೂಪ.

ಮೊಬೈಲ್ ನೆಟ್‌ವರ್ಕ್. ಮೀಟರ್‌ನೊಳಗೆ ಸಿಮ್ ಇರುತ್ತದೆ. ಚದುರಿದ ಮನೆಗಳಿಗೆ ಇದು ಒಳ್ಳೆಯದು. ಮನೆ ಬಾಗಿಲಲ್ಲಿ ಫೋನ್‌ಗೆ ಸಿಗ್ನಲ್ ಇದೆ ಎಂದು ನೆಲಮಾಳಿಗೆಯ ಕಬ್ಬಿಣದ ಡಬ್ಬಿಯೊಳಗೆ ಮೀಟರ್‌ಗೂ ಸಿಗುತ್ತದೆ ಎಂದುಕೊಳ್ಳಬೇಡಿ. ಡಬ್ಬಿಯ ಬಾಗಿಲು ಮುಚ್ಚಿ ಅಳೆಯಿರಿ. ಇನ್ನೊಂದು ವಿಷಯ, ಮೀಟರ್ ಹತ್ತು ವರ್ಷಕ್ಕೂ ಮೇಲೆ ಗೋಡೆಯಲ್ಲಿರುತ್ತದೆ, ಹಳೆಯ 2ಜಿ, 3ಜಿ ಸೇವೆಗಳನ್ನು ಹಲವು ದೇಶಗಳಲ್ಲಿ ಮುಚ್ಚುತ್ತಿದ್ದಾರೆ. ಇವತ್ತು ಕೆಲಸ ಮಾಡುತ್ತದೆ ಎನ್ನುವುದು ಸಾಲದು.

ಆರ್‌ಎಫ್ ಮೆಶ್. ಒಂದು ಮೀಟರ್ ಪಕ್ಕದ ಮೀಟರ್‌ಗೆ ರೇಡಿಯೊ ಮೂಲಕ ಸುದ್ದಿ ದಾಟಿಸುತ್ತದೆ, ಅದು ಇನ್ನೊಂದಕ್ಕೆ, ಹೀಗೆ ಎಲ್ಲವನ್ನೂ ಒಟ್ಟುಗೂಡಿಸಿ ಆಫೀಸಿಗೆ ಕಳಿಸುವ ಗೇಟ್‌ವೇವರೆಗೆ. ಒತ್ತೊತ್ತಾಗಿ ಮನೆಗಳಿರುವ ಕಡೆ ಚೆನ್ನಾಗಿ ನಡೆಯುತ್ತದೆ. ಆದರೆ ಇಲ್ಲೊಂದು ಗುಟ್ಟಿದೆ. ಪಕ್ಕದಲ್ಲಿ ಮೀಟರ್ ಇಲ್ಲದಿದ್ದರೆ ಮೆಶ್ ಇಲ್ಲ. ಇವತ್ತು ಈ ಬೀದಿಯಲ್ಲಿ ನಾಲ್ಕು, ನಾಳೆ ಆ ಬೀದಿಯಲ್ಲಿ ಆರು ಎಂದು ಹಾಕಿದರೆ ಎಲ್ಲವೂ ಒಂಟಿ ದ್ವೀಪಗಳು. "ಮೀಟರ್ ಕೆಟ್ಟಿದೆ" ಎಂದು ವಾಪಸ್ ಬರುವುದರಲ್ಲಿ ಎಷ್ಟೋ ಇಂಥ ಒಂಟಿ ಮೀಟರ್‌ಗಳು, ಅವಕ್ಕೆ ಏನೂ ಆಗಿರುವುದಿಲ್ಲ. ಬಳಸಬಹುದಾದ ತರಂಗಾಂತರವೂ ದೇಶದಿಂದ ದೇಶಕ್ಕೆ ಬೇರೆ. ಯುರೋಪಿನಲ್ಲಿ 868 ಮೆಗಾಹರ್ಟ್ಸ್ ಸುತ್ತಮುತ್ತ, ಅಮೆರಿಕದಲ್ಲಿ 902ರಿಂದ 928. ಇನ್ನೊಂದು ದೇಶಕ್ಕೆ ಮಾಡಿದ ಸಾಧನವನ್ನು ಹಾಗೇ ತರಿಸುವ ಹಾಗಿಲ್ಲ.

ಪವರ್‌ಲೈನ್. ಕರೆಂಟ್ ತಂತಿಯಲ್ಲೇ ಸುದ್ದಿಯೂ ಹೋಗುತ್ತದೆ. ಇಟಲಿಯಲ್ಲಿ 2001ರಿಂದ ಎನೆಲ್ ಕಂಪನಿ ಸುಮಾರು 3 ಕೋಟಿ ಮೀಟರ್‌ಗಳನ್ನು ಈ ದಾರಿಯಲ್ಲೇ ನಡೆಸಿದೆ. ಈ ಸಿಗ್ನಲ್ ಸಾಮಾನ್ಯವಾಗಿ ಟಿಸಿ ದಾಟುವುದಿಲ್ಲ, ಹಾಗಾಗಿ ಪ್ರತಿ ಟಿಸಿಯ ಬಳಿ ಡೇಟಾ ಒಟ್ಟುಗೂಡಿಸಿ ಮುಂದೆ ಕಳಿಸುವ ಡೇಟಾ ಕಾನ್ಸಂಟ್ರೇಟರ್ ಬೇಕು. ಶತ್ರು ಯಾರೆಂದರೆ ಕಳಪೆ ಚಾರ್ಜರ್, ಇನ್ವರ್ಟರ್, ಎಲ್‌ಇಡಿ ಡ್ರೈವರ್‌ಗಳ ಗದ್ದಲ. ಹಗಲಿಡೀ ಸರಿಯಿದ್ದು ದಿನಾ ಸಂಜೆ ಒಂದೇ ಹೊತ್ತಿಗೆ ಒಂದು ಸಾಲಿನ ಮೀಟರ್‌ಗಳು ಮಾಯವಾದರೆ ಆ ಸಾಲಿನಲ್ಲಿ ಯಾರ ಮನೆಯಲ್ಲಿ ಏನು ಆನ್ ಆಗುತ್ತಿದೆ ಎಂದು ಹುಡುಕಿ.

ಯಾವುದನ್ನು ಆರಿಸಿದರೂ ಬಗ್ಗದ ಮೂಲೆಗಳು ಉಳಿಯುತ್ತವೆ. ಅವಕ್ಕೆ ಎರಡನೇ ದಾರಿ ಯಾವುದು ಎಂದು ಗುತ್ತಿಗೆಗೆ ಸಹಿ ಹಾಕುವ ಮುಂಚೆಯೇ ಬರೆಸಿಕೊಳ್ಳಿ.

## ಹಂತ 5: ಮೀಟರ್‌ನ ಭಾಷೆ ಮತ್ತು ಬೀಗದ ಕೈ

ಒಂದೇ ಕಂಪನಿಯ ಮೀಟರ್‌ಗೆ ಕಟ್ಟಿಬೀಳಬೇಡಿ. ಡಿಎಲ್‌ಎಂಎಸ್/ಕೋಸೆಮ್ ಎಂಬ ಭಾಷೆ, ಅಂದರೆ ಐಇಸಿ 62056 ಮಾನದಂಡ, ಈಗ ಬಹಳ ದೇಶಗಳಲ್ಲಿ ಚಾಲ್ತಿಯಲ್ಲಿದೆ. ಇದರಲ್ಲಿ ಪ್ರತಿ ಅಳತೆಗೂ ಒಂದು ಒಬಿಸ್ ಕೋಡ್ ಇರುತ್ತದೆ. ಬಳಸಿದ ಒಟ್ಟು ಯೂನಿಟ್‌ಗೆ 1.8.0, ವಾಪಸ್ ಕೊಟ್ಟ ಯೂನಿಟ್‌ಗೆ 2.8.0.

"ನಮ್ಮದು ಡಿಎಲ್‌ಎಂಎಸ್" ಎಂದು ಎಲ್ಲರೂ ಹೇಳುತ್ತಾರೆ. ಹೇಳಿದ್ದನ್ನು ಬಿಡಿ, ಮಾಡಿ ತೋರಿಸಲು ಹೇಳಿ. ಬೇರೆ ಬೇರೆ ಕಂಪನಿಯ ಮೀಟರ್‌ಗಳನ್ನು ಒಂದೇ ಮೇಜಿನ ಮೇಲೆ ಇಟ್ಟು, ನಿಮ್ಮದೇ ಹೆಡ್ ಎಂಡ್‌ನಿಂದ ಓದಿ, ಗಡಿಯಾರ ಬದಲಿಸಿ, ಕನೆಕ್ಷನ್ ಕಟ್ ಮಾಡಿ, ಮತ್ತೆ ಕೊಡಿ. ಬ್ರಿಟನ್‌ನಲ್ಲಿ ಮೊದಲ ತಲೆಮಾರಿನ ಸ್ಮಾರ್ಟ್ ಮೀಟರ್‌ಗಳಲ್ಲಿ ಬಹಳಷ್ಟು, ಗ್ರಾಹಕರು ಕಂಪನಿ ಬದಲಿಸಿದ ಕೂಡಲೇ ಸಾದಾ ಮೀಟರ್‌ಗಳಾಗಿಬಿಟ್ಟವು. ಹೊಸ ಕಂಪನಿಗೆ ಅವುಗಳ ಜೊತೆ ಮಾತಾಡಲು ಆಗುತ್ತಿರಲಿಲ್ಲ.

ಬೀಗದ ಕೈ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಚಿಕ್ಕದೆಂದು ಬಿಡಬೇಡಿ. ಪ್ರತಿ ಮೀಟರ್‌ಗೂ ಬೇರೆ ಬೇರೆ ಕೀ, ಅಂದರೆ ಅದರ ಡೇಟಾ ಮತ್ತು ಆಜ್ಞೆಗಳನ್ನು ಕಾಯುವ ಗುಪ್ತ ಸಂಕೇತ, ಇರಬೇಕು. ಎಲ್ಲ ಮೀಟರ್‌ಗೂ ಒಂದೇ ಕೀ ಇದ್ದರೆ ಒಂದು ಸೋರಿದಾಗ ಇಡೀ ಊರಿನ ಕರೆಂಟ್ ಬೇರೆಯವರ ಕೈಯಲ್ಲಿ. ಕೀಗಳಿರುವ ಫೈಲ್ ಇಮೇಲ್‌ನಲ್ಲಿ ಬಂದರೆ ಅದನ್ನು ಸೋರಿಹೋದದ್ದು ಎಂದೇ ತಿಳಿದು ಕೀಗಳನ್ನು ಬದಲಾಯಿಸಿ. ಮತ್ತು ಕೀಗಳ ಒಡೆತನ ನಿಮ್ಮದೇ ಇರಲಿ, ಗುತ್ತಿಗೆದಾರನ ಬಳಿ ಬಿಡಬೇಡಿ.

## ಹಂತ 6: ಮೊದಲ ಮೀಟರ್‌ಗೆ ಮುಂಚೆ ಮೊದಲ ಬಿಲ್ಲು

ಆಫೀಸಿನ ಗೋಡೆಗೆ ಹತ್ತು ಮೀಟರ್ ಹಾಕಿ. ಗೊತ್ತಿರುವ ಲೋಡ್ ಕೊಡಿ. ಅವುಗಳಿಂದ ಹೆಡ್ ಎಂಡ್, ಎಂಡಿಎಂ, ಬಿಲ್ಲಿಂಗ್ ದಾಟಿ ಕಾಗದದ ಮೇಲೆ ಬಿಲ್ಲು ಬರುವವರೆಗೆ ಮನೆಗಳಿಗೆ ಒಂದೂ ಮೀಟರ್ ಹಾಕಬೇಡಿ. ಹೀಗೆ ಹೇಳಿದರೆ ತಡವಾಗುತ್ತದೆ ಎಂದು ಗೊಣಗುತ್ತಾರೆ. ಗೊಣಗಲಿ.

ಈ ಹತ್ತು ಮೀಟರ್‌ಗಳಲ್ಲಿ ಹಿಡಿಯಬೇಕಾದ ತಪ್ಪುಗಳು:

- ಮೀಟರ್ ವಾಟ್ ಅವರ್‌ನಲ್ಲಿ ಕಳಿಸುತ್ತದೆ, ತಂತ್ರಾಂಶ ಯೂನಿಟ್ ಎಂದು ಓದುತ್ತದೆ. ಬಿಲ್ಲು ಸಾವಿರ ಪಟ್ಟು.
- 15 ನಿಮಿಷದ ಬಳಕೆಯನ್ನೇ ಲೋಡ್ ಎಂದು ತಿಳಿಯುವುದು. 15 ನಿಮಿಷದಲ್ಲಿ 0.5 ಯೂನಿಟ್ ಓಡಿದರೆ ಸರಾಸರಿ ಲೋಡ್ 2 ಕಿಲೋವಾಟ್, ಅರ್ಧ ಅಲ್ಲ.
- ಮೀಟರ್ ಗಡಿಯಾರ ಹಿಂದೆ ಮುಂದೆ ಇರುವುದು. ಹೊತ್ತಿನ ದರ ತಪ್ಪುತ್ತದೆ, ಟಿಸಿ ಲೆಕ್ಕವೂ ತಾಳೆಯಾಗುವುದಿಲ್ಲ.
- ಡೇಟಾ ಬಾರದ ಹೊತ್ತನ್ನು ಸೊನ್ನೆ ಎಂದು ತುಂಬುವುದು. ಬಾರದಿರುವುದು ಬೇರೆ, ಸೊನ್ನೆ ಬೇರೆ.

ಎಲ್ಲಕ್ಕೂ ಸೇರಿ ಒಂದು ಪರೀಕ್ಷೆಯಿದೆ. ದಿನದ 96 ತುಂಡುಗಳನ್ನು ಕೂಡಿಸಿ. ಅದು ಆ ದಿನದ ಕೊನೆಯ ರೀಡಿಂಗ್‌ನಿಂದ ಮೊದಲ ರೀಡಿಂಗ್ ಕಳೆದಷ್ಟೇ ಬರಬೇಕು. ಬರದಿದ್ದರೆ ಎಲ್ಲೋ ತುಂಡು ಕಳೆದಿದೆ ಅಥವಾ ಎರಡು ಸಲ ಸೇರಿದೆ. ಈ ತಾಳೆ ದಿನಾ ರಾತ್ರಿ ತಾನಾಗಿ ನಡೆಯುವ ಹಾಗೆ ಎಂಡಿಎಂನಲ್ಲಿ ಕೂರಿಸಿ. ಅಂದಾಜಿನಿಂದ ತುಂಬಿದ ಅಂಕಿಗೆ ಅಂದಾಜು ಎಂಬ ಗುರುತು ಇರಲಿ, ಬಿಲ್ಲಿನಲ್ಲೂ ಕಾಣಲಿ.

## ಹಂತ 7: ಒಂದು ಫೀಡರ್, ಪೂರ್ತಿ

ಪ್ರಯೋಗ ಮಾಡಲು ಊರಿನ ತುಂಬ ಅಲ್ಲಲ್ಲಿ ಮನೆ ಆರಿಸುವುದು ತಪ್ಪು. ಒಂದೇ ಫೀಡರ್ ಹಿಡಿದು, ಅದರ ಪ್ರತಿ ಟಿಸಿಯ ಪ್ರತಿ ಮನೆಗೂ ಹಾಕಿ. ಆಗಲೇ ಮೆಶ್ ಕೂಡಿಕೊಳ್ಳುವುದು, ಆಗಲೇ ಟಿಸಿ ಲೆಕ್ಕ ತಾಳೆಯಾಗುವುದು. ತೀರಾ ಅಚ್ಚುಕಟ್ಟಾದ ಹೊಸ ಬಡಾವಣೆಯನ್ನು ಆರಿಸಿ ಮೋಸ ಹೋಗಬೇಡಿ. ಹಳೆಯ ಕಟ್ಟಡ, ಅಂಗಡಿ ಸಾಲು, ಸೋಲಾರ್ ಇರುವ ಮನೆ ಎಲ್ಲ ಬೆರೆತ ಫೀಡರ್ ಕಲಿಸುವಷ್ಟು ಅದು ಕಲಿಸುವುದಿಲ್ಲ.

ಎರಡು ಬಿಲ್ಲಿನ ಅವಧಿ ಕಾಯಿರಿ. ನನ್ನ ಗೆರೆ ಇದು: 100ರಲ್ಲಿ 98 ಮೀಟರ್‌ಗಳ ದಿನದ ರೀಡಿಂಗ್ ಯಾರೂ ಮುಟ್ಟದೆ ಬರುವ ತನಕ ಮುಂದಿನ ಫೀಡರ್‌ಗೆ ಕಾಲಿಡಬೇಡಿ.

## ಹಂತ 8: ಮನೆ ಬಾಗಿಲಲ್ಲಿ

ಈಗ ಮೀಟರ್ ಗೋಡೆಗೆ. ಕ್ರಮ ತಪ್ಪಿದರೆ ಇಲ್ಲಿ ಜೀವವೂ ಹೋಗಬಹುದು, ಜಗಳವೂ ಆಗಬಹುದು.

1. ಮೊದಲೇ ತಿಳಿಸಿ ಹೋಗಿ. ಉಸಿರಾಟದ ಯಂತ್ರದಂಥ ಸಾಧನ ನಡೆಯುತ್ತಿದೆಯೇ ಎಂದು ಕೇಳದೆ ಕರೆಂಟ್ ತೆಗೆಯಬೇಡಿ.

2. ಹಳೆಯ ಮೀಟರ್‌ನ ಫೋಟೋ ತೆಗೆಯಿರಿ. ಕೊನೆಯ ರೀಡಿಂಗ್, ಮೀಟರ್ ನಂಬರ್, ಸೀಲು ಮೂರೂ ಒಂದೇ ಚಿತ್ರದಲ್ಲಿ ಕಾಣಬೇಕು. ಮನೆಯವರಿಗೆ ತೋರಿಸಿ. ಮುಂದೆ ಬರುವ ಜಗಳಗಳಲ್ಲಿ ದೊಡ್ಡ ಪಾಲು ಈ ಒಂದು ಫೋಟೋದಲ್ಲೇ ಮುಗಿಯುತ್ತದೆ.

3. ಮನೆಯ ಮೇನ್ ಸ್ವಿಚ್ ಆಫ್ ಮಾಡಿಸಿ. ಆಮೇಲೆ ಮೇಲಿನ ಕಡೆಯಿಂದ ಸಪ್ಲೈ ತೆಗೆಯಿರಿ. ಟೆಸ್ಟರ್‌ನಿಂದ ಎರಡೂ ಕಡೆ ನೋಡಿ. ಮನೆಯೊಳಗಿನ ಇನ್ವರ್ಟರ್ ಅಥವಾ ಜನರೇಟರ್ ಹಿಂದಿನಿಂದ ಕರೆಂಟ್ ತಳ್ಳುತ್ತಿರಬಹುದು.

4. ಹಳೆಯ ತಂತಿಯ ತುದಿ ಸುಟ್ಟಿದ್ದರೆ, ಹಸಿರುಗಟ್ಟಿದ್ದರೆ ಕತ್ತರಿಸಿ ಹೊಸ ತುದಿ ಮಾಡಿ. ಅಲ್ಯೂಮಿನಿಯಂ ತಂತಿಯನ್ನು ತಾಮ್ರಕ್ಕೆ ನೇರ ಸುತ್ತಬೇಡಿ, ಅದಕ್ಕೆಂದೇ ಇರುವ ಲಗ್ ಬಳಸಿ.

5. ಫೇಸ್ ಫೇಸ್‌ಗೆ, ನ್ಯೂಟ್ರಲ್ ನ್ಯೂಟ್ರಲ್‌ಗೆ. ಟರ್ಮಿನಲ್ ಸ್ಕ್ರೂಗಳನ್ನು ಟಾರ್ಕ್ ಸ್ಕ್ರೂಡ್ರೈವರ್‌ನಿಂದ ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. ಸಡಿಲ ಸ್ಕ್ರೂ ಬಿಸಿಯಾಗುತ್ತದೆ, ಬಿಸಿಯಾದದ್ದು ಕರಗುತ್ತದೆ, ಒಂದು ದಿನ ಬೆಂಕಿ. "ಸ್ಮಾರ್ಟ್ ಮೀಟರ್ ಸುಟ್ಟಿತು" ಎಂಬ ಸುದ್ದಿ ಬಂದಾಗ ನಾನು ಮೊದಲು ಕೇಳುವುದು ಆ ಸ್ಕ್ರೂ ಬಗ್ಗೆ.

6. ಸಪ್ಲೈ ಕೊಟ್ಟು ವೋಲ್ಟೇಜ್ ನೋಡಿ. ಮನೆಯ ಒಂದು ಲೋಡ್ ಆನ್ ಮಾಡಿಸಿ, ಕ್ಲ್ಯಾಂಪ್ ಮೀಟರ್ ತೋರಿಸುವುದೂ ಸ್ಮಾರ್ಟ್ ಮೀಟರ್ ತೋರಿಸುವುದೂ ಹೊಂದುತ್ತವೆಯೇ ನೋಡಿ.

7. ಮುಚ್ಚಳ ಹಾಕಿ ಸೀಲು ಮಾಡಿ. ಮುಚ್ಚಳ ತೆರೆದದ್ದನ್ನು ಮೀಟರ್ ದಾಖಲಿಸಿರುತ್ತದೆ. ಅದು ಅಳವಡಿಕೆಯ ಹೊತ್ತಿನದ್ದು ಎಂದು ಆಫೀಸಿನಲ್ಲಿ ಗುರುತಿಸದಿದ್ದರೆ ಮರುದಿನ ಪ್ರಾಮಾಣಿಕ ಮನೆಯವರ ಹೆಸರು ಕಳ್ಳರ ಪಟ್ಟಿಯಲ್ಲಿರುತ್ತದೆ.

8. ಆಫೀಸಿನ ಪರದೆಯಲ್ಲಿ ಮೊದಲ ರೀಡಿಂಗ್ ಕಂಡ ಮೇಲೆ ಗೇಟು ದಾಟಿ. ಮೆಶ್‌ನಲ್ಲಿ ಪಕ್ಕದ ಮೀಟರ್ ಬರುವ ತನಕ ತಡವಾಗಬಹುದು. ಅಂಥವನ್ನು "ಬಾಕಿ" ಪಟ್ಟಿಗೆ ಹಾಕಿ. ಆ ಪಟ್ಟಿ ಬೆಳೆಯುತ್ತಾ ಹೋದರೆ ಮೀಟರ್ ಹಾಕುವುದನ್ನು ನಿಲ್ಲಿಸಿ ಮೊದಲು ಅದನ್ನು ಕರಗಿಸಿ.

ಗುತ್ತಿಗೆದಾರರಿಗೆ ಗೋಡೆಗೆ ಹಾಕಿದ ಮೀಟರ್ ಲೆಕ್ಕದಲ್ಲಿ ಹಣ ಕೊಡಬೇಡಿ. ಡೇಟಾ ಕಳಿಸುತ್ತಿರುವ ಮೀಟರ್ ಲೆಕ್ಕದಲ್ಲಿ ಕೊಡಿ. ಎಂಟನೇ ಹೆಜ್ಜೆಯನ್ನು ಯಾರೂ ಬಿಡದಂತೆ ಮಾಡಲು ನನಗೆ ಗೊತ್ತಿರುವ ಒಂದೇ ದಾರಿ ಇದು.

ಒಂದೇ ಕಟ್ಟಡದ ಎರಡು ಮನೆಗಳ ನ್ಯೂಟ್ರಲ್ ಒಳಗೆಲ್ಲೋ ಬೆರೆತಿದ್ದರೆ ಫೇಸ್‌ನಲ್ಲಿ ಹೋದಷ್ಟು ಕರೆಂಟ್ ಅದೇ ನ್ಯೂಟ್ರಲ್‌ನಲ್ಲಿ ವಾಪಸ್ ಬರುವುದಿಲ್ಲ. ಮೀಟರ್ ಇದನ್ನು ಕಳವು ಎಂದು ಕೂಗುತ್ತದೆ. ಇಂಥ ಕೂಗು ಅಕ್ಕಪಕ್ಕದ ಎರಡು ಮೀಟರ್‌ಗಳಿಂದ ಒಟ್ಟಿಗೆ ಬಂದರೆ ವೈರಿಂಗ್ ನೋಡಿ, ನೋಟಿಸ್ ಕೊಡಬೇಡಿ.

## ಹಂತ 9: ಮೊದಲ ಬಿಲ್ಲಿನ ವಾರ

ಬಿಲ್ಲು ಜಾಸ್ತಿ ಬಂತು ಎಂಬ ದೂರು ಬಂದೇ ಬರುತ್ತದೆ. ಕೆಲವು ಸಲ ಅದಕ್ಕೆ ನಿಜವಾದ ಕಾರಣವಿರುತ್ತದೆ. ಹಳೆಯ ಚಕ್ರದ ಮೀಟರ್ ಸವೆದು ನಿಧಾನವಾಗಿರುತ್ತದೆ, ತೀರಾ ಸಣ್ಣ ಲೋಡ್‌ಗೆ ಅದು ತಿರುಗುವುದೇ ಇಲ್ಲ. ಹೊಸದು ಅದನ್ನೂ ಎಣಿಸುತ್ತದೆ. ಆದರೆ ಎಲ್ಲ ದೂರಿಗೂ ಇದೇ ಉತ್ತರ ಕೊಟ್ಟು ಕೈತೊಳೆದುಕೊಳ್ಳಬೇಡಿ. ಹಳೆಯ ಮೀಟರ್‌ನ ಕೊನೆ ರೀಡಿಂಗ್ ತಪ್ಪಾಗಿ ತುಂಬಿರಬಹುದು, ಎರಡು ಮನೆಯ ಮೀಟರ್ ನಂಬರ್ ಅದಲುಬದಲಾಗಿರಬಹುದು. ಅದಲುಬದಲಿನ ಲಕ್ಷಣ ಸರಳ: ಒಬ್ಬರಿಗೆ ಜಾಸ್ತಿ ಬಂದಿದೆ, ಪಕ್ಕದವರು ಸುಮ್ಮನಿದ್ದಾರೆ.

ಕೇಳಿದವರ ಮನೆಯಲ್ಲಿ ಚೆಕ್ ಮೀಟರ್ ಹಾಕಿ. ಹೊಸದರ ಜೊತೆ ಸಾಲಾಗಿ ಇನ್ನೊಂದು ಮೀಟರ್ ಇಟ್ಟು ಕೆಲವು ದಿನ ಎರಡನ್ನೂ ಅವರೇ ಓದಲಿ. ನೂರು ಕರಪತ್ರಕ್ಕಿಂತ ಇದು ಮೇಲು.

ಹೊತ್ತಿನ ದರವನ್ನು ಇದೇ ತಿಂಗಳಲ್ಲಿ ತರಬೇಡಿ. ಬಿಲ್ಲು ಏರಿದರೆ ಮೀಟರ್‌ನಿಂದಲೋ ದರದಿಂದಲೋ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮೀಟರ್ ಅಳವಡಿಕೆ ನಡೆಯುತ್ತಿದ್ದಾಗಲೇ, 2010ರಲ್ಲಿ, ಹೊತ್ತಿನ ದರಕ್ಕೆ ಸರ್ಕಾರ ತಡೆ ಹಾಕಬೇಕಾಯಿತು.

ಖಾಸಗಿತನವೂ ಇಲ್ಲೇ ಎದುರಾಗುವ ಪ್ರಶ್ನೆ. 15 ನಿಮಿಷದ ಅಂಕಿ ನೋಡಿದರೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ, ಯಾವಾಗ ಮಲಗಿದರು ಎಂಬುದೂ ತಿಳಿಯುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಎಲ್ಲರೂ ಹಾಕಿಸಿಕೊಳ್ಳಲೇಬೇಕು ಎಂಬ ಮಸೂದೆ 2009ರಲ್ಲಿ ಮೇಲ್ಮನೆಯಲ್ಲಿ ನಿಂತುಹೋದದ್ದು ಇದೇ ಕಾರಣಕ್ಕೆ. ಯಾರು ಯಾವ ಡೇಟಾ ನೋಡಬಹುದು, ಯಾರು ನೋಡಿದರು ಎಂಬ ದಾಖಲೆ ಮೊದಲ ದಿನದಿಂದಲೇ ಇರಲಿ.

## ಹಂತ 10: ದೂರದಿಂದ ಕಟ್ ಮಾಡುವುದು

ಈ ಸೌಲಭ್ಯವನ್ನು ಎಲ್ಲರೂ ಮೊದಲು ಕೇಳುತ್ತಾರೆ. ಕೊನೆಗೆ ಶುರು ಮಾಡಿ. ಮನೆ ಮತ್ತು ಮೀಟರ್‌ನ ಜೋಡಣೆ ತಪ್ಪಿದ್ದರೆ ಬಾಕಿ ಇಲ್ಲದವರ ಮನೆ ಕತ್ತಲಾಗುತ್ತದೆ.

ಕಟ್ ಆಜ್ಞೆ "ಯಶಸ್ವಿ" ಎಂದು ಬಂದರೆ ಸಾಲದು, ಕರೆಂಟ್ ಸೊನ್ನೆ ಆಗಿದೆಯೇ ನೋಡಿ. ರಿಲೇಯ, ಅಂದರೆ ಮೀಟರ್‌ನೊಳಗಿನ ಸ್ವಿಚ್ಚಿನ, ಸಂಪರ್ಕ ಅಂಟಿಕೊಂಡಿದ್ದರೆ ಆಜ್ಞೆ ಹೋದರೂ ಸಪ್ಲೈ ನಡೆಯುತ್ತಲೇ ಇರುತ್ತದೆ. ಇದೇ ಕಾರಣಕ್ಕೆ ಒಂದು ಕಟ್ಟುನಿಟ್ಟಿನ ಮಾತು: ಆಫೀಸಿನಿಂದ ಕಟ್ ಮಾಡಿದ್ದಾರೆ ಎಂದು ನಂಬಿ ಯಾವ ಲೈನ್‌ಮ್ಯಾನ್ ಕೂಡ ತಂತಿ ಮುಟ್ಟಬಾರದು. ಮೀಟರ್‌ನ ರಿಲೇ ಐಸೊಲೇಟರ್ ಅಲ್ಲ, ಅಂದರೆ ಸಪ್ಲೈಯನ್ನು ಖಚಿತವಾಗಿ ಬೇರ್ಪಡಿಸುವ ಸ್ವಿಚ್ ಅಲ್ಲ.

ವಾಪಸ್ ಕೊಡುವಾಗ ಮನೆಯವರಿಗೆ ಗೊತ್ತಿರಬೇಕು. ಇಸ್ತ್ರಿಪೆಟ್ಟಿಗೆ, ಹೀಟರ್ ಆನ್ ಇದ್ದ ಹಾಗೇ ಬಿಟ್ಟು ಹೊರಗೆ ಹೋಗಿರಬಹುದು. ಮೀಟರ್‌ನ ಬಟನ್ ಒತ್ತಿದರೆ ಮಾತ್ರ ಸಪ್ಲೈ ಬರುವಂತೆ ಇಡುವುದು ಲೇಸು. ಸಾಮೂಹಿಕ ಆಜ್ಞೆಗೆ ಮಿತಿ ಇರಲಿ. ಒಂದೇ ಸಲಕ್ಕೆ ಸಾವಿರಾರು ಮನೆ ಕಟ್ ಮಾಡಬಲ್ಲ ಪರದೆಗೆ ಇಬ್ಬರ ಒಪ್ಪಿಗೆ ಬೇಕು.

## ಹಂತ 11: ಮೀಟರ್‌ನಿಂದ ಗ್ರಿಡ್‌ಗೆ

ಇಷ್ಟು ಹೊತ್ತು ಮಾಡಿದ್ದರಿಂದ ಬಿಲ್ಲು ತಾನಾಗಿ ಬರುತ್ತದೆ, ಅಷ್ಟೇ. ಗ್ರಿಡ್ ಸ್ಮಾರ್ಟ್ ಆಗುವುದು ಆ ಡೇಟಾವನ್ನು ಲೈನ್ ನೋಡಿಕೊಳ್ಳುವವರು ಬಳಸಲು ಶುರು ಮಾಡಿದಾಗ. ಡೇಟಾ ಬಿಲ್ಲಿಂಗ್ ವಿಭಾಗದಲ್ಲೇ ಉಳಿದು, ಲೈನ್ ವಿಭಾಗದವರಿಗೆ ಲಾಗಿನ್ ಕೂಡ ಇಲ್ಲದ ಕಡೆಗಳಿವೆ. ಮೊದಲು ಲಾಗಿನ್ ಕೊಡಿ.

ಟಿಸಿ ಲೋಡ್. 100 ಕೆವಿಎ ಟಿಸಿ, ಪವರ್ ಫ್ಯಾಕ್ಟರ್ 0.9 ಇದ್ದರೆ ಸುಮಾರು 90 ಕಿಲೋವಾಟ್ ಹೊರುತ್ತದೆ. ಸಂಜೆಯ 15 ನಿಮಿಷದ ಅಂಕಿಗಳು ಆ ಗೆರೆಯನ್ನು ದಿನಾ ಮುಟ್ಟುತ್ತಿದ್ದರೆ ಟಿಸಿ ಸುಡುವ ಮುಂಚೆಯೇ ಲೋಡ್ ಹಂಚಬಹುದು. ಮೂರು ಫೇಸ್‌ಗಳಲ್ಲಿ ಒಂದೇ ತುಂಬಿದ್ದರೆ ಹೊಸ ಟಿಸಿ ಬೇಕಿಲ್ಲ, ಕೆಲವು ಮನೆಗಳ ಫೇಸ್ ಬದಲಿಸಿದರೆ ಸಾಕು. ಎಲೆಕ್ಟ್ರಿಕ್ ವಾಹನಗಳ ಚಾರ್ಜಿಂಗ್ ಬಂದ ಮೇಲೆ ಈ ಲೆಕ್ಕ ಇನ್ನೂ ಬೇಕಾಗುತ್ತದೆ.

ಕರೆಂಟ್ ಹೋದಾಗ. ಸಾಯುವ ಮುಂಚೆ ಒಂದು ಕೊನೆಯ ಸುದ್ದಿ ಕಳಿಸುವಷ್ಟು ಶಕ್ತಿಯನ್ನು ಹಲವು ಮೀಟರ್‌ಗಳು ಕೂಡಿಟ್ಟುಕೊಂಡಿರುತ್ತವೆ. ಒಂದೇ ಮನೆಯಿಂದ ಬಂದರೆ ಅದು ಆ ಮನೆಯ ಸಮಸ್ಯೆ. ಒಂದು ಟಿಸಿಯ ಒಂದೇ ಫೇಸ್‌ನ ಎಲ್ಲ ಮನೆಗಳಿಂದ ಬಂದರೆ ಆ ಫೇಸ್‌ನ ಫ್ಯೂಸ್. ಇಡೀ ಫೀಡರ್ ಹೋದರೆ ಸಾವಿರಾರು ಮೀಟರ್ ಒಟ್ಟಿಗೆ ಕೂಗಿ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಎಲ್ಲ ಸುದ್ದಿಯೂ ಬರುತ್ತದೆ ಎಂದು ಕಾಯಬೇಡಿ, ಕೆಲವು ಬಂದರೂ ಜಾಗ ಗೊತ್ತಾಗುತ್ತದೆ. ನೆನಪಿದೆಯಾ, ಹಂತ 2ರಲ್ಲಿ ಫೇಸ್ ಬರೆದುಕೊಂಡದ್ದು? ಅದು ಇಲ್ಲಿಗೆ.

ನ್ಯೂಟ್ರಲ್ ಕಡಿದಾಗ. ಒಂದು ಟಿಸಿಯ ಕೆಳಗೆ ಕೆಲವು ಮನೆಗಳ ವೋಲ್ಟೇಜ್ 280ಕ್ಕೆ ಏರಿ, ಬೇರೆ ಫೇಸ್‌ನ ಮನೆಗಳದ್ದು 170ಕ್ಕೆ ಇಳಿದರೆ ನ್ಯೂಟ್ರಲ್ ಕಡಿದಿರುವ ಸಾಧ್ಯತೆ ಜಾಸ್ತಿ. ಟಿವಿ, ಫ್ರಿಡ್ಜ್ ಸುಡುತ್ತವೆ, ಜನರಿಗೂ ಅಪಾಯ. ಈ ಒಂದು ಎಚ್ಚರಿಕೆ ಮರುದಿನದ ವರದಿಯಲ್ಲಿ ಬಂದರೆ ಉಪಯೋಗವಿಲ್ಲ. ಡ್ಯೂಟಿಯಲ್ಲಿರುವವರ ಫೋನ್ ಕೂಡಲೇ ಹೊಡೆದುಕೊಳ್ಳಬೇಕು.

ಸೋಲಾರ್. ಮಧ್ಯಾಹ್ನ ಲೈನಿನ ತುದಿಯ ಮನೆಗಳಲ್ಲಿ ವೋಲ್ಟೇಜ್ ಏರಿ, ಸೋಲಾರ್ ಇನ್ವರ್ಟರ್‌ಗಳು ತಾವಾಗಿ ಆಫ್ ಆಗುತ್ತಿದ್ದರೆ ಟಿಸಿಯ ಟ್ಯಾಪ್, ಅಂದರೆ ಅದು ಕೊಡುವ ವೋಲ್ಟೇಜನ್ನು ಏರಿಸುವ ಇಳಿಸುವ ಸ್ಥಾನ, ಬದಲಿಸುವ ಯೋಚನೆ ಮಾಡಿ. ಸಂಜೆಯ ವೋಲ್ಟೇಜ್ ಎಷ್ಟು ಇಳಿಯುತ್ತದೆ ಎಂದೂ ನೋಡಿಕೊಂಡೇ ಬದಲಿಸಿ. ಎರಡೂ ಅಂಕಿ ನಿಮ್ಮ ಬಳಿಯೇ ಇವೆ.

## ನಡೆಯುತ್ತಿರುವಾಗ

ಮೀಟರ್‌ನೊಳಗಿನ ತಂತ್ರಾಂಶಕ್ಕೆ (ಫರ್ಮ್‌ವೇರ್) ಅಪ್‌ಡೇಟ್ ಬಂದರೆ ಮೊದಲು ಆಫೀಸಿನ ಗೋಡೆಯ ಆ ಹತ್ತು ಮೀಟರ್‌ಗೆ, ಆಮೇಲೆ ಒಂದು ಟಿಸಿಗೆ, ಒಂದು ವಾರ ಬಿಟ್ಟು ಉಳಿದವಕ್ಕೆ. ಎಲ್ಲಕ್ಕೂ ಒಂದೇ ರಾತ್ರಿ ಹಾಕಿ ಕೆಟ್ಟರೆ ಮತ್ತೆ ಪ್ರತಿ ಮನೆಗೂ ಏಣಿ ಹೊತ್ತು ಹೋಗಬೇಕು.

ಲೈನ್‌ಮ್ಯಾನ್ ಒಂದು ಮನೆಯನ್ನು ಬೇರೆ ಟಿಸಿಗೆ ಬದಲಿಸಿದ ದಿನವೇ ಪಟ್ಟಿ ಬದಲಾಗಬೇಕು. ಮೊಬೈಲ್‌ನಿಂದ ಎರಡು ನಿಮಿಷದಲ್ಲಿ ಆಗುವ ಹಾಗಿದ್ದರೆ ಅವರು ಮಾಡುತ್ತಾರೆ. ಫಾರ್ಮ್ ತುಂಬಿ ಆಫೀಸಿಗೆ ಕೊಡಬೇಕು ಎಂದರೆ ಮಾಡುವುದಿಲ್ಲ, ಒಂದು ವರ್ಷದಲ್ಲಿ ಹಂತ 2ರ ಕೆಲಸವೆಲ್ಲ ನೀರುಪಾಲು.

ಮತ್ತು ಪ್ರತಿ ಸೋಮವಾರ, ಮೂರು ದಿನದಿಂದ ಮಾತಾಡದ ಮೀಟರ್‌ಗಳ ಪಟ್ಟಿ ಆ ಹೆಸರು ಬರೆದವರ ಮೇಜಿಗೆ ಹೋಗಲಿ. ಟಿಸಿ ಪ್ರಕಾರ ಜೋಡಿಸಿ ಕೊಡಿ. ಒಂದೇ ಟಿಸಿಯಲ್ಲಿ ಇಪ್ಪತ್ತು ಸುಮ್ಮನಾಗಿದ್ದರೆ ಗೇಟ್‌ವೇ ನೋಡಲು ಒಬ್ಬರು ಹೋದರೆ ಸಾಕು. ಇಪ್ಪತ್ತು ಟಿಸಿಯಲ್ಲಿ ಒಂದೊಂದು ಸುಮ್ಮನಾಗಿದ್ದರೆ ಒಂದೊಂದೇ ಮನೆಗೆ ಹೋಗಬೇಕು. ಕತ್ತರಿಸಿದ ಆಂಟೆನಾ, ಸುಟ್ಟ ಮೀಟರ್, ಬೀಗ ಹಾಕಿದ ಮನೆ, ಯಾರೋ ಬಿಚ್ಚಿಟ್ಟ ಮೀಟರ್, ಏನು ಬೇಕಾದರೂ ಇರಬಹುದು.